ಗೋಡೆಯ ಮೇಲೆ ಹೊಸತೊಡಕು

ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ
ನಮ್ಮದೊಂದು ಮಿಲಿಟರಿ ಹೋಟೆಲು.
ನಾಲ್ಕು ಮೇಜು, ಎಂಟು ಬೆಂಚು,
ಕೈ ತೊಳೆಯಲು ಗೋಡೆಯ ಬದಿ ಒಂದು ಹಂಡೆ,
ಒಲೆಯ ಹಿಂದೆ ಅವ್ವ.

ಬೋಟಿ ಕಟ್ಟಿಕೊಡಲೆಂದು ತಂದ ರದ್ದಿಯಲ್ಲಿ
ಅಪ್ಪನಿಗೆ ಬಣ್ಣದ ಹಾಳೆಯೊಂದು ಸಿಕ್ಕಿತು.
ಅದರಲ್ಲಿ ಬೋಟಿ ಕಟ್ಟಲಿಲ್ಲ.
ಅಮೇರಿಕದ ಯಾವುದೋ ಹಬ್ಬ.
ಇಸ್ತ್ರಿಯ ಗೆರೆ ಹೋಗದ ಮೇಜುಬಟ್ಟೆ, ಕಿಟಕಿಯಾಚೆ ಹಿಮ,
ಮೇಜಿನಡಿ ನಾಯಿ, ಸುತ್ತ ಕೆಂಪು ಕೆನ್ನೆಯ ಮಂದಿ,
ಅಜ್ಜಿಯೊಬ್ಬಳು ಎರಡೂ ಕೈಯಲ್ಲಿ ಹೊತ್ತು ತರುತ್ತಿದ್ದಾಳೆ
ಕುರಿಮರಿಯಷ್ಟು ದೊಡ್ಡ ಕೋಳಿ.

'ಕೋಳಿಯಲ್ಲ ಅದು, ನವಿಲು'
ಅಂದರು ಲಾರಿ ಆಫೀಸಿನ ಈರೇಗೌಡರು.
'ಪುಕ್ಕ ತರಿದ ಮೇಲೆ ಎಲ್ಲ ಒಂದೇ' ಅಂದ ಅಪ್ಪ
ಪೇಂಟರ್ ಝಕ್ರಿಯಾನನ್ನು ಕರೆಸಿದ:
'ಗೋಡೆ ತುಂಬ ಇದೇ ಬೇಕು.
ಆದರೆ ನಮ್ಮ ಹೊಸತೊಡಕು ಆಗಬೇಕು.'

ಹನ್ನೊಂದು ದಿನ ಏಣಿಯ ಮೇಲಿದ್ದ ಝಕ್ರಿಯಾ.
ಬ್ರೆಡ್ಡು ಉರುಟಾಗಿ ಮುದ್ದೆಯಾಯಿತು,
ಟೈ ಕಟ್ಟಿದವನ ಕೊರಳಿಗೆ ಟವೆಲ್ಲು ಬಂತು.
ಹಿಮಕ್ಕೆ ಏನು ಮಾಡುವುದೆಂದು
ಒಂದು ಬೀಡಿ ಪೂರ್ತಿ ಸೇದಿ ಯೋಚಿಸಿದ.
'ಸಕಲೇಶಪುರದ ಕಡೆ ಕಾಫಿ ಹೂ ಅಂದ್ಕೊಳ್ಳಿ'
ಅಂದು ಹಾಗೇ ಬಿಟ್ಟ.
ನಾಯಿಯನ್ನೂ ಬಿಟ್ಟ. ನಾಯಿಗೆ ಯಾವ ದೇಶ?

ಮುಖಗಳಿಗೆ ಜಗಳ ಶುರುವಾಯಿತು.
ಬಾಕಿ ತೀರಿಸಿದವರಿಗೆ ಮಾತ್ರ ಚಿತ್ರದಲ್ಲಿ ಜಾಗ
ಎಂದು ಅಪ್ಪ ಸೀಮೆಸುಣ್ಣದಲ್ಲಿ ಬರೆದು ನೇತುಹಾಕಿದ;
ಮೂರು ವರ್ಷದ ಸಾಲ ಮೂರೇ ದಿನದಲ್ಲಿ ಬಂತು.
ಈರೇಗೌಡರು ಮೀಸೆಗೆ ಕಪ್ಪು ಹಚ್ಚಿಸಿಕೊಂಡು ಬಂದು ಕೂತರು.
ಕಾಂಪೌಂಡರ್ ಸೋಮಾಚಾರ್ರು ಮಾತ್ರ
'ನನ್ನ ಬೆನ್ನು ಬರಿ ಸಾಕು,
ಮನೇಲಿ ಗೊತ್ತಾಗಬಾರದು' ಅಂದರು.

ಅಜ್ಜಿಗೆ ಅವ್ವನ ಮುಖ ಕೊಟ್ಟ, ಅವ್ವನನ್ನು ಕೇಳದೆ.
ಸೊಂಟಕ್ಕೆ ಸಿಕ್ಕಿಸಿದ ಸೆರಗು, ಮೂಗುಬೊಟ್ಟು,
ಎರಡೂ ಕೈಗೆ ಭಾರದ ಹರಿವಾಣ, ತುಂಬ ನಗು.
ಅಷ್ಟೊಂದು ಹಲ್ಲು ಅವ್ವನಿಗಿರಲಿಲ್ಲ.

ಯುಗಾದಿಯ ಹಿಂದಿನ ಸಂಜೆ ಪರದೆ ಸರಿಸಿದರು.
ಎಲ್ಲರೂ ತಂತಮ್ಮನ್ನು ಹುಡುಕಿಕೊಂಡರು.
ಕೈಯ ಖಾರ ಸೆರಗಿಗೆ ಒರೆಸುತ್ತ ಅವ್ವ ಎದ್ದು ಬಂದಳು,
ತುಟಿಯಲ್ಲೇ ಏನನ್ನೋ ಎಣಿಸಿದಳು,
ಕೇಳಿದಳು:
'ಈಯಮ್ಮ ಕೂರೋದೆಲ್ಲಿ?'

ಝಕ್ರಿಯಾ ಜೇಬಿನಿಂದ ಆ ಹಾಳೆ ತೆಗೆದು ಬಿಡಿಸಿದ.
ಅಮೇರಿಕದಲ್ಲೂ ಇರಲಿಲ್ಲ.
ಕುರ್ಚಿ ಎಂಟು, ಕೂತವರು ಎಂಟು.

ಬೆಳಿಗ್ಗೆ ಬಂದ. ಕಂದು ಬಣ್ಣ ಮುಗಿದಿತ್ತು.
ಶಟರಿಗೆ ತಂದ ನೀಲಿಯಲ್ಲೇ
ಕೆಳಗಿನ ಮೂಲೆಯಲ್ಲೊಂದು ಮಣೆ ಬರೆದ, ಖಾಲಿ ಮಣೆ.
ಮುಂದೆ ಹಂಡೆಯ ನೀರು ಸಿಡಿದು ಸಿಡಿದು
ಮೊದಲು ಸಿಪ್ಪೆ ಎದ್ದದ್ದೂ ಅದೇ.

ಹೊಸತೊಡಕಿನ ದಿನ ಊರಿಗೆಲ್ಲ ಮನೆಯೂಟ,
ಹೋಟೆಲಿಗೆ ವರ್ಷಕ್ಕೊಂದೇ ರಜೆ.
ಶಟರ್ ಅರ್ಧ ಇಳಿಸಿ ಆ ಮೇಜುಗಳಲ್ಲಿ ನಾವೇ ಉಂಡೆವು:
ಅಪ್ಪ, ಅಣ್ಣಂದಿರು, ನಾನು,
ಏಣಿ ಒಯ್ಯಲು ಬಂದ ಝಕ್ರಿಯಾ.
ಅವನಿಗೆ ಅವನ ಬೀದಿಯಿಂದಲೇ ಕೊಯ್ಸಿ ತಂದ ಕೋಳಿ,
ಬೇರೆ ಪಾತ್ರೆಯಲ್ಲಿ, ಅದೇ ಖಾರ.

ಎಲ್ಲ ಎದ್ದು ಹೋದ ಮೇಲೆ ಅವ್ವ ಕೂತಳು
ಚಿತ್ರಕ್ಕೆ ಬೆನ್ನು ಹಾಕಿ.
ಆಗ ಕಂಡಿತು ನನಗೆ:
ಗೋಡೆಯ ಮೇಲೆ ಯಾರೂ ಉಣ್ಣುತ್ತಿಲ್ಲ.
ಬಾಯಿ ತೆರೆದಿರುವುದೆಲ್ಲ ನಗುವುದಕ್ಕೆ.
ಒಂದು ಮುದ್ದೆಯನ್ನೂ ಮುರಿದಿಲ್ಲ,
ಒಬ್ಬರ ಬೆರಳೂ ಒದ್ದೆಯಾಗಿಲ್ಲ.

ಕೆಳಗೆ ಅವ್ವ ನಲ್ಲಿಮೂಳೆಯನ್ನು ತಟ್ಟೆಗೆ ಕುಟ್ಟುತ್ತಿದ್ದಳು,
ಟಕ್, ಟಕ್,
ಬೀಳಲಿಲ್ಲ, ಹೀರಿದಳು, ಮತ್ತೆ ಟಕ್.
ಹಣೆಯಲ್ಲಿ ಬೆವರು, ಗಲ್ಲಕ್ಕೆ ಸಾರು.
'ನೀರು ತಾ' ಅಂದಳು.
ಚೊಂಬು ಹಿಡಿದು ಪಕ್ಕದಲ್ಲಿ ನಿಂತೆ.
ತಲೆ ಎತ್ತದೆಯೇ ಅಂದಳು,
'ನಿಂತ್ಕೋಬೇಡ,
ಕೂತ್ಕೋ.'